ಜಪಮಾಲೆಯಿಂದ ಆತ್ಮವಿಚಾರದವರೆಗೆ: ಮನೆಯಲ್ಲಿ ಜಪಧ್ಯಾನಕ್ಕೆ ಕೂರುವವರಿಗೆ 48 ದಿನಗಳ ಸಮಗ್ರ ಮಾರ್ಗದರ್ಶಿ

ಜಪಸರ ಹಿಡಿದು ಕೂತವರಿಗೆಲ್ಲ ಗೊತ್ತಿರುವ ಒಂದು ಗಳಿಗೆಯಿದೆ. ಬೆರಳಿಗೆ ಮಾಲೆಯ ತುದಿಯ ಮೇರುಮಣಿ ತಗಲುತ್ತದೆ, 108 ಮುಗಿಯಿತು ಎಂದು ಆಗ ಎಚ್ಚರವಾಗುತ್ತದೆ. ನಡುವಿನ ಅರವತ್ತು ಎಪ್ಪತ್ತು ಮಣಿ ಯಾವಾಗ ಸರಿದವೋ ನೆನಪೇ ಇಲ್ಲ. ತುಟಿ ಮಂತ್ರ ಹೇಳುತ್ತಿತ್ತು, ಮನಸ್ಸು ಮಗಳ ಶಾಲೆಯ ಫೀಸು, ಗ್ಯಾಸ್ ಬುಕಿಂಗು, ನಿನ್ನೆ ಭಾವಮೈದ ಆಡಿದ ಮಾತು ಎಂದು ಊರೆಲ್ಲ ಸುತ್ತಿ ಬಂದಿತ್ತು. ಹೆಚ್ಚಿನವರು ಇಲ್ಲಿಗೇ "ಧ್ಯಾನ ನನಗೆ ಒಗ್ಗುವುದಿಲ್ಲ" ಎಂದು ಮಾಲೆಯನ್ನು ದೇವರ ಮನೆಯ ಮೊಳೆಗೆ ನೇತುಹಾಕಿಬಿಡುತ್ತಾರೆ.

ಹಾಗೆ ಮಾಡಬೇಡಿ. ಮನಸ್ಸು ಹೊರಟುಹೋಗಿದೆ ಎಂದು ಗೊತ್ತಾದ ಆ ಕ್ಷಣವೇ ಸಾಧನೆಯ ಮೊದಲ ಫಲ. ಗೀತೆಯ ಆರನೆಯ ಅಧ್ಯಾಯದ 26ನೆಯ ಶ್ಲೋಕ "ಯತೋ ಯತೋ ನಿಶ್ಚರತಿ" ಎಂದು ಶುರುವಾಗುತ್ತದೆ: ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೊರಟಿತೋ ಅಲ್ಲಲ್ಲಿಂದ ಹಿಡಿದು ತಂದು ಆತ್ಮನಲ್ಲೇ ನಿಲ್ಲಿಸಬೇಕು. ಮನಸ್ಸು ಹೊರಡುತ್ತದೆ ಎಂಬುದನ್ನು ಶ್ಲೋಕ ಮೊದಲೇ ಒಪ್ಪಿಕೊಂಡಿದೆ. ಎಷ್ಟು ಸಲ ತರಬೇಕು ಎಂಬ ಲೆಕ್ಕ ಅಲ್ಲಿ ಇಲ್ಲ. ಹೀಗೆ ತರುವ ಕೆಲಸಕ್ಕೆ ಗೃಹಸ್ಥರ ಕೈಗೆ ಸಿಕ್ಕಿರುವ ಅತ್ಯಂತ ಸರಳ ಉಪಕರಣವೆಂದರೆ ಜಪ. ಅದನ್ನು ಸರಿಯಾಗಿ ಹಿಡಿಯುವ ಕ್ರಮ, ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ.

ಮಂತ್ರ ಯಾವುದು

ಉಪದೇಶ ಆಗಿದ್ದರೆ ಯೋಚಿಸುವ ಅಗತ್ಯವೇ ಇಲ್ಲ. ಉಪನಯನದಲ್ಲಿ ಗಾಯತ್ರಿ ಬಂದಿರಬಹುದು, ಮಠದಲ್ಲಿ ಅಷ್ಟಾಕ್ಷರಿ ಸಿಕ್ಕಿರಬಹುದು, ಇಷ್ಟಲಿಂಗ ದೀಕ್ಷೆಯಲ್ಲಿ ಷಡಕ್ಷರಿ (ಓಂ ನಮಃ ಶಿವಾಯ) ಸಿಕ್ಕಿರಬಹುದು. ಅದನ್ನೇ ಹಿಡಿಯಿರಿ. ಯಾವ ದೀಕ್ಷೆಯೂ ಇಲ್ಲದವರು ನಾಮಮಂತ್ರ ಹಿಡಿಯುವುದು ಕ್ಷೇಮ: ರಾಮ, ಕೃಷ್ಣ, ಶಿವ, ದೇವಿ ಅಥವಾ ಮನೆದೇವರ ಹೆಸರು. ನಾಮಜಪಕ್ಕೆ ಕಾಲ, ಜಾತಿ, ಮಡಿಯ ಕಟ್ಟುಪಾಡಿಲ್ಲ. ಹ್ರೀಂ, ಕ್ಲೀಂ ಮುಂತಾದ ಬೀಜಾಕ್ಷರಗಳಿರುವ ಮಂತ್ರಗಳನ್ನು ವಿಡಿಯೋ ನೋಡಿ ಎತ್ತಿಕೊಳ್ಳಬೇಡಿ. ಅವಕ್ಕೆ ಋಷಿ, ಛಂದಸ್ಸು, ದೇವತೆ, ನ್ಯಾಸ ಎಂಬ ಅಂಗಗಳಿವೆ, ಅವನ್ನು ಗುರುಮುಖದಿಂದಲೇ ಕಲಿಯಬೇಕು.

ಒಮ್ಮೆ ಹಿಡಿದ ಮಂತ್ರವನ್ನು 48 ದಿನ ಬದಲಿಸಬೇಡಿ. ಸೋಮವಾರ ಶಿವ, ಗುರುವಾರ ರಾಯರು, ಶನಿವಾರ ಹನುಮಂತ ಎಂದು ವಾರಕ್ಕೊಂದು ಮಾಡುವುದು ಪೂಜೆಗೆ ಚೆಂದ. ಜಪದಲ್ಲಿ ಅದು ಹತ್ತು ಕಡೆ ಮೂರು ಮೂರು ಅಡಿ ಬಾವಿ ತೋಡಿದ ಹಾಗಾಗುತ್ತದೆ.

ಉಚ್ಚಾರಕ್ಕೆ ಮೊದಲ ಎರಡು ಮೂರು ದಿನ ಗಮನ ಕೊಡಿ, ಆಮೇಲೆ ತಿದ್ದುವುದು ಕಷ್ಟ. "ನಮಃ ಶಿವಾಯ" ಎನ್ನುವಾಗ ವಿಸರ್ಗವನ್ನು "ನಮಹಾ" ಎಂದು ಎಳೆಯುವವರೇ ಹೆಚ್ಚು. ಮುಂದೆ ಶಕಾರ ಇರುವುದರಿಂದ ಅದು "ನಮಶ್ಶಿವಾಯ" ಎಂದು ಕೂಡಿಕೊಂಡರೆ ಬಾಯಿಗೂ ಸಲೀಸು, ವ್ಯಾಕರಣಕ್ಕೂ ಸರಿ. "ನಾರಾಯಣಾಯ"ದಲ್ಲಿ ಣಾ ದೀರ್ಘ. ಅವಸರಕ್ಕೆ "ನಾರಾಯಣಯ" ಆಗಿಬಿಡುತ್ತದೆ. "ಭಗವತೇ"ಯಲ್ಲಿ ಭ ಮಹಾಪ್ರಾಣ, ತೇ ದೀರ್ಘ. ಅಕ್ಷರ ಬೆರಳಲ್ಲಿ ಎಣಿಸಿ ನೋಡಿಕೊಳ್ಳಿ: "ಓಂ ನಮೋ ನಾರಾಯಣಾಯ" ಎಂಟು, "ಓಂ ನಮೋ ಭಗವತೇ ವಾಸುದೇವಾಯ" ಹನ್ನೆರಡು. ವೇಗ ಹೆಚ್ಚಿದಾಗ ಮೊದಲು ನುಂಗಿಹೋಗುವುದು ಕೊನೆಯ ಅಕ್ಷರ. ಅದು ಸ್ಪಷ್ಟವಾಗಿ ಕೇಳುವಷ್ಟೇ ನಿಮ್ಮ ವೇಗದ ಮಿತಿ.

ಸಮಯದ ಅಂದಾಜು ಹೀಗೆ. ಷಡಕ್ಷರಿಯನ್ನು ನಿಧಾನವಾಗಿ ಹೇಳಲು ಸುಮಾರು ಮೂರು ಸೆಕೆಂಡು, ಅಂದರೆ ಒಂದು ಮಾಲೆಗೆ ಐದೂವರೆ ನಿಮಿಷ. ದ್ವಾದಶಾಕ್ಷರಿಗೆ ಎಂಟು ನಿಮಿಷ. ಗಾಯತ್ರಿಗೆ ಹತ್ತರಿಂದ ಹನ್ನೆರಡು ಸೆಕೆಂಡು ಬೇಕು, ಹಾಗಾಗಿ 108ಕ್ಕೆ ಇಪ್ಪತ್ತು ನಿಮಿಷದ ಆಸುಪಾಸು. ಗಾಯತ್ರಿಯ ಒಂದು ಮಾಲೆ ನಿಮಗೆ ಎಂಟೇ ನಿಮಿಷಕ್ಕೆ ಮುಗಿಯುತ್ತಿದ್ದರೆ ಅಕ್ಷರ ತಿನ್ನುತ್ತಿದ್ದೀರಿ ಎಂದೇ ಅರ್ಥ.

ಮಾಲೆ ಮತ್ತು ಬೆರಳು

ವೈಷ್ಣವ ಮಂತ್ರಗಳಿಗೆ ತುಳಸಿ, ಶೈವಕ್ಕೆ ರುದ್ರಾಕ್ಷಿ, ದೇವಿಗೆ ಸ್ಫಟಿಕ ಅಥವಾ ರಕ್ತಚಂದನ ಎಂಬುದು ರೂಢಿ. ಐದು ಮುಖದ ರುದ್ರಾಕ್ಷಿ ಎಲ್ಲ ಗ್ರಂಧಿಗೆ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ಅಪರೂಪದ ಮುಖಗಳ ಹೆಸರಲ್ಲಿ ಸಾವಿರಗಟ್ಟಲೆ ಸುರಿಯುವ ಅಗತ್ಯ ಜಪಕ್ಕೆ ಇಲ್ಲವೇ ಇಲ್ಲ. "ನೀರಲ್ಲಿ ಮುಳುಗಿದರೆ ಅಸಲಿ" ಎಂಬ ಪರೀಕ್ಷೆಯನ್ನೂ ನೆಚ್ಚಬೇಡಿ. ಹಗುರಾದ ಒಳ್ಳೆಯ ಕಾಯಿ ತೇಲುತ್ತದೆ, ಸೀಸ ತುಂಬಿದ ನಕಲಿ ಮುಳುಗುತ್ತದೆ. ಮಣಿ ಆರರಿಂದ ಎಂಟು ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ತೀರಾ ಸಣ್ಣದಾದರೆ ಎರಡೆರಡು ಸರಿಯುತ್ತವೆ, ದೊಡ್ಡದಾದರೆ ಹೆಬ್ಬೆರಳು ನೋಯುತ್ತದೆ.

ತಂದ ದಿನವೇ ಮಣಿ ಎಣಿಸಿ. ಮೇರು ಬಿಟ್ಟು 108 ಇರಬೇಕು. 105, 107 ಇರುವ ಮಾಲೆಗಳು ಅಂಗಡಿಯಲ್ಲಿ ಧಾರಾಳವಾಗಿ ಇರುತ್ತವೆ. ಮಣಿಗೂ ಮಣಿಗೂ ನಡುವೆ ಗಂಟು ಇರುವುದನ್ನೇ ಆರಿಸಿ, ಇಲ್ಲದಿದ್ದರೆ ದಾರ ಹರಿದ ದಿನ ಮಣಿಗಳಿಗಾಗಿ ಮಂಚದ ಕೆಳಗೆಲ್ಲ ತಡಕಬೇಕಾಗುತ್ತದೆ. ದಾರ ಹರಿಯುವುದು ಅಪಶಕುನ ಎಂದು ಹೆದರುವವರಿದ್ದಾರೆ. ಬೆವರು, ಎಣ್ಣೆ, ಉಜ್ಜಾಟಕ್ಕೆ ಹತ್ತಿಯ ದಾರ ಸವೆಯುವುದು ಸಹಜ. ಹೊಸ ದಾರದಲ್ಲಿ ಪೋಣಿಸಿ ಮುಂದುವರಿಯಿರಿ. ರುದ್ರಾಕ್ಷಿಗೆ ಸೋಪು ಹಾಕಬೇಡಿ, ಒಣಗಿ ಬಿರುಕು ಬಿಡುತ್ತದೆ. ಕೆಲವು ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು ಒಂದು ಹನಿ ಎಳ್ಳೆಣ್ಣೆ ಸವರಿದರೆ ಸಾಕು. ತುಳಸಿಮಾಲೆಯನ್ನು ನೀರಿನಲ್ಲಿ ನೆನೆಸಲೇಬೇಡಿ.

ಹಿಡಿಯುವ ಕ್ರಮ: ಬಲಗೈ ಎದೆಯ ಮಟ್ಟಕ್ಕೆ, ಮಾಲೆ ಮಧ್ಯದ ಬೆರಳ ಮೇಲೆ, ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ನಿಮ್ಮ ಕಡೆಗೆ ಎಳೆಯುವುದು. ತೋರುಬೆರಳು ತಾಗಬಾರದು. ಅದು ಇನ್ನೊಬ್ಬರತ್ತ ಚಾಚುವ ಬೆರಳು, ಅಹಂಕಾರದ ಗುರುತು ಎಂದು ಸಂಪ್ರದಾಯ ಹೇಳುತ್ತದೆ. ಮೇರು ಬಂದಾಗ ದಾಟದೆ ಮಾಲೆಯನ್ನು ಹಿಂತಿರುಗಿಸಿ, ಕೊನೆಯ ಮಣಿಯೇ ಮುಂದಿನ ಸುತ್ತಿನ ಮೊದಲ ಮಣಿ. ಇದು ಒಂದೇ ಕೈಯಲ್ಲಿ ಬರಲು ಹತ್ತು ಹದಿನೈದು ದಿನ ಹಿಡಿಯುತ್ತದೆ; ಅಲ್ಲಿಯವರೆಗೆ ಎಡಗೈ ಸಹಾಯ ತೆಗೆದುಕೊಳ್ಳಿ. ಈ ತಿರುವಿಗೆ ಒಂದು ಒಳ್ಳೆಯ ಉಪಯೋಗವೂ ಇದೆ: ಬೆರಳಿಗೆ ಕೆಲಸ ಬದಲಾಗುವುದರಿಂದ ತೂಗುತ್ತಿದ್ದ ಮನಸ್ಸು ಅಲ್ಲಿ ಒಮ್ಮೆ ಎಚ್ಚರಗೊಳ್ಳುತ್ತದೆ. ಮನೆಯಲ್ಲಿ ಓಡಾಟ ಹೆಚ್ಚಿದ್ದರೆ ಗೋಮುಖಿ ಚೀಲದೊಳಗೆ ಕೈಯಿಟ್ಟು ಮಾಡಿ.

ಪ್ರಯಾಣದಲ್ಲಿ, ಆಸ್ಪತ್ರೆಯಲ್ಲಿ, ಮಾಲೆ ಮರೆತ ದಿನ ಕರಮಾಲೆ ಸಾಕು. ಬಲಗೈ ಉಂಗುರಬೆರಳಿನ ನಡುಗೆಣ್ಣು ಒಂದು, ಅದರ ಬುಡ ಎರಡು; ಕಿರುಬೆರಳಿನ ಬುಡ ಮೂರು, ನಡು ನಾಲ್ಕು, ತುದಿ ಐದು; ಉಂಗುರಬೆರಳಿನ ತುದಿ ಆರು, ಮಧ್ಯದ ಬೆರಳಿನ ತುದಿ ಏಳು; ತೋರುಬೆರಳಿನ ತುದಿ ಎಂಟು, ನಡು ಒಂಬತ್ತು, ಬುಡ ಹತ್ತು. ಮಧ್ಯದ ಬೆರಳಿನ ಉಳಿದ ಎರಡು ಗೆಣ್ಣು ಮೇರು, ಅದನ್ನು ಮುಟ್ಟುವುದಿಲ್ಲ. ಹತ್ತಕ್ಕೊಮ್ಮೆ ಎಡಗೈಯಲ್ಲಿ ಒಂದು ಗೆಣ್ಣು ಗುರುತಿಟ್ಟುಕೊಳ್ಳಿ.

ಆಸನ: ಅರ್ಧಕ್ಕರ್ಧ ತೊಂದರೆ ಇಲ್ಲೇ

ಗೀತೆ ಹೇಳುವ ಆಸನ ತೀರಾ ಎತ್ತರವೂ ಅಲ್ಲ, ತೀರಾ ತಗ್ಗೂ ಅಲ್ಲ. ಕೆಳಗೆ ದರ್ಭೆ, ನಡುವೆ ಅಜಿನ, ಮೇಲೆ ಬಟ್ಟೆ. ಜಿಂಕೆ ಚರ್ಮ ಕೊಳ್ಳುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಆ ಮಾತು ಬಿಡಿ. ದರ್ಭೆಚಾಪೆ ಅಥವಾ ಈಚಲ ಚಾಪೆ, ಅದರ ಮೇಲೆ ಕಂಬಳಿ, ಅದರ ಮೇಲೆ ಮಡಿಸಿದ ಹತ್ತಿಪಂಚೆ ಇದ್ದರೆ ಆಯಿತು. ಇದರ ಮರ್ಮ ನೆಲದ ತಂಪು ಮೈಗೆ ಹತ್ತದಿರುವುದು, ಕೂತದ್ದು ಜಾರದಿರುವುದು.

ಇದಕ್ಕೆ ಒಂದನ್ನು ಸೇರಿಸಿಕೊಳ್ಳಿ: ಪೃಷ್ಠದ ಕೆಳಗೆ ಮಾತ್ರ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಮಡಿಸಿದ ಕಂಬಳಿ. ಸೊಂಟ ಮಂಡಿಗಿಂತ ಮೇಲಿರಬೇಕು. ಸೊಂಟ ಕೆಳಗಾದರೆ ಕಟಿಭಾಗ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ, ಎದೆ ಕುಗ್ಗುತ್ತದೆ, ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತದೆ. ಆಗ ಜನ ಮನಸ್ಸು ನಿಲ್ಲುತ್ತಿಲ್ಲ ಎನ್ನುತ್ತಾರೆ, ನಿಜಕ್ಕೂ ನಿಲ್ಲದಿರುವುದು ಬೆನ್ನು. ಕಾಲು ಜೋಮು ಹಿಡಿಯುವುದೂ ಹೆಚ್ಚಾಗಿ ಮೆತ್ತೆಯ ಅಂಚು ತೊಡೆಯ ಹಿಂಭಾಗವನ್ನು ಒತ್ತುವುದರಿಂದ. ಮೆತ್ತೆಯ ಮುಂದಿನ ಮೂರನೇ ಒಂದು ಭಾಗದ ಮೇಲಷ್ಟೇ ಕೂತರೆ ಒತ್ತಡ ಇಳಿಯುತ್ತದೆ. ಸುಖಾಸನವೇ ಸಾಕು, ಪದ್ಮಾಸನ ಬಾರದವರು ಬಲವಂತಕ್ಕೆ ಹಾಕಿದರೆ ಹೋಗುವುದು ಮಂಡಿ.

ಮಂಡಿನೋವಿನ ಹಿರಿಯರು ಕುರ್ಚಿಯಲ್ಲಿ ಕೂರಲಿ, ಅದರಿಂದ ಜಪಕ್ಕೆ ಕುಂದಿಲ್ಲ. ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು, ಕಾಲಡಿ ಚಾಪೆಯಿರಲಿ. ಬೆನ್ನಿಗೆ ಆಸರೆ ಬೇಕಾದರೆ ಸೊಂಟದ ಮಟ್ಟಕ್ಕೆ ಸಣ್ಣ ದಿಂಬು ಇಟ್ಟುಕೊಳ್ಳಿ. ಭುಜ, ತಲೆ ಒರಗಿದರೆ ನಿದ್ದೆ ಗ್ಯಾರಂಟಿ.

ಕಣ್ಣಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಹಳೆಯದು. ಗೀತೆಯಲ್ಲಿ "ನಾಸಿಕಾಗ್ರವನ್ನು ನೋಡುತ್ತ" ಎಂದಿದೆಯೆಂದು ಮೂಗಿನ ತುದಿಯನ್ನು ದಿಟ್ಟಿಸಿ ತಲೆನೋವು ತಂದುಕೊಳ್ಳುವವರಿದ್ದಾರೆ. ಶಂಕರಾಚಾರ್ಯರು ಭಾಷ್ಯದಲ್ಲಿ ಇಲ್ಲಿ "ಇವ" ಶಬ್ದ ಲುಪ್ತವಾಗಿದೆ ಎಂದೇ ಬಿಡಿಸಿದ್ದಾರೆ: ನೋಡುವಂತೆ ಇರುವುದು, ಅಂದರೆ ದೃಷ್ಟಿ ಹೊರಗೆ ಅಲೆಯದಿರುವುದು. ರೆಪ್ಪೆ ಹಗುರಾಗಿ ಮುಚ್ಚಿ, ಇಲ್ಲವೇ ಅರೆತೆರೆದು ನಾಲ್ಕಡಿ ಮುಂದಿನ ನೆಲದ ಮೇಲೆ ಸುಮ್ಮನೆ ಬಿಡಿ. ಹುಬ್ಬಿನ ನಡುವೆ ಗಮನವಿಟ್ಟು ಹಣೆ ಬಿಗಿಯುತ್ತಿದ್ದರೆ ಗಮನವನ್ನು ಎದೆಗೆ ಇಳಿಸಿ.

ಯಾವ ಹೊತ್ತು

ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರುವಾಗ ಮುಗಿಯುವ ಅವಧಿ. ಬೆಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯೋದಯ 6.45ರ ಸುಮಾರಿಗೆ, ಹಾಗಾಗಿ 5.10ರಿಂದ 5.57. ಜೂನ್ ಮೊದಲಿಗೆ ಸೂರ್ಯ ಆರಕ್ಕೂ ಮುಂಚೆ ಹುಟ್ಟುವುದರಿಂದ ಅದು 4.20ರ ಹೊತ್ತಿಗೇ ಬಂದುಬಿಡುತ್ತದೆ. ಲಂಡನ್ನಿನಲ್ಲಿರುವ ಕನ್ನಡಿಗರು ಜೂನ್‌ನಲ್ಲಿ ಈ ಲೆಕ್ಕ ಹಿಡಿದರೆ ಬೆಳಗಿನ ಜಾವ ಮೂರಕ್ಕೆ ಏಳಬೇಕು, ಅದನ್ನು ಬೆನ್ನಟ್ಟಬೇಡಿ. ಗೀತೆಯ ಅದೇ ಆರನೆಯ ಅಧ್ಯಾಯ ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರವಿರುವವನಿಗೂ ಇಲ್ಲ ಎನ್ನುತ್ತದೆ. ರಾತ್ರಿ ಪಾಳಿಯವರು, ಹಸುಗೂಸಿನ ತಾಯಂದಿರು ತಮಗೆ ಸಿಗುವ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು ದಿನವೂ ಅದೇ ಹೊತ್ತಿಗೆ ಕೂರಲಿ. ಊಟವಾಗಿ ಎರಡೂವರೆ ಮೂರು ಗಂಟೆ ಕಳೆದಿರಬೇಕು ಎಂಬುದೊಂದೇ ಬಿಡಲಾಗದ ನಿಯಮ.

ಕೂರುವ ಕ್ರಮ

ಫೋನನ್ನು ಬೇರೆ ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು, ಕೈ ತಾನಾಗಿ ಹೋಗುತ್ತದೆ. ಕೂರುವ ಮುಂಚೆ ಒಂದು ಚೀಟಿಯಲ್ಲಿ ಇವತ್ತಿನ ಕೆಲಸಗಳನ್ನು ಬರೆದಿಡಿ. ಜಪದ ನಡುವೆ ನೆನಪಾದ ಕೆಲಸವನ್ನು ಬರೆಯಲು ಏಳಬಾರದು, ಒಂದು ಸಲ ಎದ್ದರೆ ಮನಸ್ಸಿಗೆ ಆ ದಾರಿ ಗೊತ್ತಾಗಿಬಿಡುತ್ತದೆ.

ಕೈಕಾಲು ಮುಖ ತೊಳೆದು ದೀಪ ಹಚ್ಚಿ. ಆಚಮನದ ಅಭ್ಯಾಸವಿದ್ದವರು ಕೇಶವ, ನಾರಾಯಣ, ಮಾಧವ ನಾಮಗಳಿಂದ ಮೂರು ಸಲ ಉದ್ದಿನ ಕಾಳು ಮುಳುಗುವಷ್ಟೇ ನೀರು ತೆಗೆದುಕೊಳ್ಳಿ. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ. ಕೂತ ಮೇಲೆ ಒಮ್ಮೆ ಭುಜ ಎತ್ತಿ ಇಳಿಸಿ, ಹಲ್ಲು ಕಚ್ಚಿದ್ದರೆ ಬಿಡಿ.

ಆಮೇಲೆ ಆರು ಸುತ್ತು ನಾಡೀಶೋಧನ. ಬಲಗೈಯ ತೋರುಬೆರಳು, ಮಧ್ಯದ ಬೆರಳು ಮಡಿಸಿ, ಹೆಬ್ಬೆರಳಿನಿಂದ ಬಲಹೊಳ್ಳೆ ಮುಚ್ಚಿ ಎಡದಿಂದ ನಾಲ್ಕು ಎಣಿಕೆ ಎಳೆದುಕೊಳ್ಳಿ, ಉಂಗುರಬೆರಳಿನಿಂದ ಎಡ ಮುಚ್ಚಿ ಬಲದಿಂದ ಎಂಟು ಎಣಿಕೆ ಬಿಡಿ. ಬಲದಿಂದ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಎಂಟಕ್ಕೆ ಉಸಿರು ಸಾಲದಿದ್ದರೆ ಆರಕ್ಕೆ ಇಳಿಸಿ. ಉಸಿರು ಕಟ್ಟುವ ಕುಂಭಕ ಹೊಸಬರಿಗೆ ಬೇಡ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಬೇಡವೇ ಬೇಡ. ಎರಡೂವರೆ ನಿಮಿಷದ ಈ ಕೆಲಸವನ್ನು ತಪ್ಪಿಸಿದ ದಿನ ಮೊದಲ ಮಾಲೆ ಪೂರ್ತಿ ಚದುರಿಹೋಗುವುದನ್ನು ನೀವೇ ಕಾಣುತ್ತೀರಿ.

ಈಗ ಜಪ. ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆ. ವಾಚಿಕದಲ್ಲಿ ಪಕ್ಕದವರಿಗೆ ಕೇಳುತ್ತದೆ. ಉಪಾಂಶುವಿನಲ್ಲಿ ತುಟಿ ಅಲ್ಲಾಡುತ್ತದೆ, ನಿಮಗಷ್ಟೇ ಕೇಳಿಸೀತು. ಮಾನಸದಲ್ಲಿ ತುಟಿ, ನಾಲಿಗೆ ಎರಡೂ ಸುಮ್ಮನಿರುತ್ತವೆ. ಮಾನಸವೇ ಶ್ರೇಷ್ಠ ಎಂದು ಶಾಸ್ತ್ರ ಹೇಳಿದೆಯೆಂದು ಮೊದಲ ದಿನವೇ ಅಲ್ಲಿಗೆ ಹಾರುವುದರಿಂದಲೇ ಹೊಸಬರಲ್ಲಿ ಬಹಳ ಜನ ಸೋಲುತ್ತಾರೆ. ದನಿಯಿಲ್ಲದ ಮಂತ್ರವನ್ನು ಹಿಡಿದಿಟ್ಟುಕೊಳ್ಳುವಷ್ಟು ಬಲ ಮನಸ್ಸಿಗೆ ಇನ್ನೂ ಬಂದಿರುವುದಿಲ್ಲ. ಮೊದಲ ಮಾಲೆ ಮೆಲುದನಿಯಲ್ಲಿ, ಎರಡನೆಯದು ಉಪಾಂಶು, ಮೂರನೆಯದು ಮಾನಸ: ಹೀಗೆ ಮೆಟ್ಟಿಲು ಇಳಿಯಿರಿ. ಮಾನಸದಲ್ಲಿದ್ದಾಗ ನಾಲಿಗೆಯ ಬುಡ ಸಣ್ಣಗೆ ಮಿಡಿಯುತ್ತಲೇ ಇರುತ್ತದೆ. ಅದನ್ನು ಗಮನಿಸಿ ಸಡಿಲ ಬಿಟ್ಟರೆ ಮಂತ್ರ ಗಂಟಲಿನಿಂದ ಎದೆಗೆ ಇಳಿದ ಹಾಗಾಗುತ್ತದೆ.

ಹೇಳುವುದಕ್ಕಿಂತ ಕೇಳುವುದಕ್ಕೆ ಒತ್ತು ಕೊಡಿ. ಬಾಯಿ ಹೇಳಲಿ, ನೀವು ಕೇಳಿ. ಪತಂಜಲಿಗಳ "ತಜ್ಜಪಸ್ತದರ್ಥಭಾವನಮ್" ಎಂಬ ಸೂತ್ರ ಜಪದ ಜೊತೆಗೇ ಅರ್ಥದ ಭಾವನೆ ಇರಬೇಕೆನ್ನುತ್ತದೆ. ಭಾವನೆಯೆಂದರೆ ಪ್ರತಿ ಮಣಿಗೂ ಅರ್ಥವನ್ನು ವಾಕ್ಯವಾಗಿ ಹೇಳಿಕೊಳ್ಳುವುದಲ್ಲ. "ನಮಃ" ಎಂದಾಗ ಒಳಗೇನೋ ಬಾಗಿದ ಹಾಗಾದರೆ ಸಾಕು.

ಮುಗಿದ ಮೇಲೆ ಮಾಲೆ ಕೆಳಗಿಟ್ಟು, ಕೈ ತೊಡೆಯ ಮೇಲಿಟ್ಟು, ಏನೂ ಹೇಳದೆ ಕೂರಿ. ಮೊದಲ ವಾರ ಎರಡು ನಿಮಿಷ ಸಾಕು. ಹೆಚ್ಚಿನವರು ಲೆಕ್ಕ ಮುಗಿದ ಕೂಡಲೇ ಎದ್ದುಬಿಡುತ್ತಾರೆ. ಅಡುಗೆಯೆಲ್ಲ ಮಾಡಿ ಬಡಿಸಿಕೊಳ್ಳದೆ ಎದ್ದಂತೆ ಅದು. ಕೊನೆಗೆ ಒಂದು ಉದ್ಧರಣೆ ನೀರು ಬಿಟ್ಟು ಅರ್ಪಿಸಿ.

ದಾರಿಯ ನಾಲ್ಕು ಅಡ್ಡಿ

ವೇದಾಂತ ಧ್ಯಾನದ ವಿಘ್ನಗಳನ್ನು ಲಯ, ವಿಕ್ಷೇಪ, ಕಷಾಯ, ರಸಾಸ್ವಾದ ಎಂದು ನಾಲ್ಕಾಗಿ ಹೇಳುತ್ತದೆ. ಅದ್ವೈತದ ಹಿರಿಯ ಆಚಾರ್ಯ ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಇವಕ್ಕೆ ಮದ್ದನ್ನೂ ಕೊಟ್ಟಿದ್ದಾರೆ: ಲಯದಲ್ಲಿ ಮನಸ್ಸನ್ನು ಎಬ್ಬಿಸು, ವಿಕ್ಷೇಪದಲ್ಲಿ ಶಮನಗೊಳಿಸು, ಕಷಾಯವನ್ನು ಅರಿತುಕೋ, ಸಮಸ್ಥಿತಿ ಬಂದರೆ ಅಲ್ಲಾಡಿಸಬೇಡ. ಯಾವ ಅಡ್ಡಿ ಎಂದು ಗುರುತಿಸದೆ ಮದ್ದು ಹಾಕಿದರೆ ರೋಗ ಹೆಚ್ಚುತ್ತದೆ. ತೂಕಡಿಸುವವನಿಗೆ "ಮನಸ್ಸು ಶಾಂತ ಮಾಡಿಕೋ" ಎಂದರೆ ಮಲಗಿಯೇ ಬಿಡುತ್ತಾನೆ.

ಲಯವೆಂದರೆ ಜಡತನ, ತೂಕಡಿಕೆ. ಮಂತ್ರದ ನಡುವೆ ಸಂಬಂಧವಿಲ್ಲದ ಪದಗಳು ತೇಲಿಬರುವುದು ಮೊದಲ ಗುರುತು: ನಾರಾಯಣಾಯ ಎನ್ನುತ್ತ ಎನ್ನುತ್ತ ಬಸ್ ಸ್ಟ್ಯಾಂಡು, ಯಾರದೋ ಕೊಡೆ ಬಂದುಬಿಡುತ್ತದೆ. ಅದು ಕನಸಿನ ಅಂಚು. ಆಮೇಲೆ ಬೆರಳು ನಿಲ್ಲುತ್ತದೆ, ತಲೆ ಜೋಲುತ್ತದೆ. ತಕ್ಷಣ ಕಣ್ಣು ತೆರೆದು ದೀಪ ನೋಡಿ, ದನಿಯೆತ್ತಿ ಹೇಳಿ. ಹೋಗದಿದ್ದರೆ ಎದ್ದು ನಿಂತು ಇಪ್ಪತ್ತು ಹೆಜ್ಜೆ ಅಡ್ಡಾಡುತ್ತ ಜಪ ಮುಂದುವರಿಸಿ. ಮೂರು ದಿನ ಹೀಗೇ ಆದರೆ ತಪ್ಪು ಹಿಂದಿನ ರಾತ್ರಿಯಲ್ಲಿದೆ: ಹತ್ತು ಗಂಟೆಯ ಊಟ, ಹನ್ನೆರಡರವರೆಗೆ ಮೊಬೈಲು. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಕಾಲು ಗಾಳಿಗೆ ಎಂಬ ಹಳೆಯ ಅಳತೆಯನ್ನು ರಾತ್ರಿ ಊಟಕ್ಕಾದರೂ ಪಾಲಿಸಿ.

ವಿಕ್ಷೇಪವೆಂದರೆ ಮನಸ್ಸಿನ ಅಲೆದಾಟ, ಅದರ ಬಗ್ಗೆ ಮೊದಲೇ ಹೇಳಿಯಾಗಿದೆ. ಆಲೋಚನೆಯ ಜೊತೆ ಜಗಳವಾಡಬೇಡಿ, ಜಗಳವೂ ಆಲೋಚನೆಯೇ. ಕೈಯಲ್ಲಿರುವ ಮಣಿಯಿಂದಲೇ ಮತ್ತೆ ಶುರುಮಾಡಿ, ಹಿಂದಿನದನ್ನು ಲೆಕ್ಕಕ್ಕೆ ತರಬೇಡಿ. ತೀರಾ ಚದುರಿದ ದಿನ ಉಸಿರು ಬಿಡುವಾಗೊಮ್ಮೆ ಮಾತ್ರ ಮಂತ್ರ ಹೇಳಿ; ವೇಗ ಇಳಿಯುತ್ತದೆ, ಮನಸ್ಸೂ ಇಳಿಯುತ್ತದೆ.

ಕಷಾಯ ಗುರುತಿಸಲು ಕಷ್ಟ. ನಿದ್ದೆಯಿಲ್ಲ, ಅಲೆದಾಟವೂ ಇಲ್ಲ, ಆದರೂ ಮನಸ್ಸು ಕಲ್ಲಿನ ಹಾಗೆ ಮರಗಟ್ಟಿದೆ. ಆಳದಲ್ಲಿ ಹಳೆಯ ಸಿಟ್ಟು, ಆಸೆ, ಅವಮಾನ ಕೂತಿದೆ, ಮೇಲಕ್ಕೆ ಬರುತ್ತಿಲ್ಲ, ಕರಗುತ್ತಲೂ ಇಲ್ಲ. ಗೌಡಪಾದರ ಮಾತು ಇಲ್ಲಿ "ಅರಿತುಕೋ" ಎಂದಷ್ಟೇ. "ಇಂಥವರ ಮೇಲೆ ನನಗೆ ಇನ್ನೂ ಸಿಟ್ಟಿದೆ" ಎಂದು ಒಳಗೇ ಒಪ್ಪಿಕೊಂಡರೆ ಅರ್ಧ ಬಿಗಿ ಅಲ್ಲೇ ಸಡಿಲವಾಗುತ್ತದೆ.

ರಸಾಸ್ವಾದ ಬರುವುದು ಜಪ ಹತ್ತಿದ ಮೇಲೆ. ಒಂದು ದಿನ ಅಪರೂಪದ ಶಾಂತಿ ಸಿಗುತ್ತದೆ, ಬೆಳಕು ಕಂಡೀತು, ನಾದ ಕೇಳೀತು. ಮರುದಿನದಿಂದ ಅದನ್ನೇ ಹುಡುಕುತ್ತ ಕೂರುತ್ತೇವೆ, ಸಿಗದಿದ್ದರೆ ಬೇಸರ. ಬಂದದ್ದು ಬರಲಿ, ಮಣಿ ಬಿಡಬೇಡಿ. ಯಾರಿಗೂ ಹೇಳಲೂಬೇಡಿ, ಗುರುವಿಗೆ ಬಿಟ್ಟು.

ಒಂದು ಎಚ್ಚರಿಕೆ. ನಿದ್ದೆ ಪೂರ್ತಿ ಹಾರಿಹೋಗುವುದು, ಅಕಾರಣ ಭಯ, ಯಾರೋ ಆಜ್ಞೆ ಮಾಡಿದಂತೆ ದನಿ ಕೇಳುವುದು ಶುರುವಾದರೆ ಅದನ್ನು ಸಿದ್ಧಿಯೆಂದು ತಿಳಿಯಬೇಡಿ. ಕೂರುವುದನ್ನು ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಈಗಾಗಲೇ ಮಾನಸಿಕ ಚಿಕಿತ್ಸೆಯಲ್ಲಿರುವವರು ದೀರ್ಘ ಮೌನಧ್ಯಾನಕ್ಕೆ ಬದಲು ಭಜನೆ, ವಾಚಿಕ ಜಪ ಹಿಡಿಯುವುದು ಒಳ್ಳೆಯದು. ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು.

ಮಂಡಲದ ಲೆಕ್ಕ

ನಮ್ಮಲ್ಲಿ ಮಂಡಲವೆಂದರೆ 48 ದಿನ. ಮೊದಲ 12 ದಿನ ದಿನಕ್ಕೊಂದು ಮಾಲೆ, 13ರಿಂದ 24ರವರೆಗೆ ಎರಡು, 25ರಿಂದ 36ರವರೆಗೆ ಮೂರು, ಕೊನೆಯ 12 ದಿನವೂ ಮೂರೇ, ಆದರೆ ಮೌನದ ಅವಧಿ ಹತ್ತು ನಿಮಿಷಕ್ಕೆ ಏರುತ್ತದೆ. ಕೂಡಿದರೆ ಸರಿಯಾಗಿ 108 ಮಾಲೆ. ಮಾಲೆಗೆ 108 ಮಣಿಯಿದ್ದರೂ ನೂರೆಂದೇ ಲೆಕ್ಕ ಹಿಡಿಯುವುದು ಪದ್ಧತಿ, ಉಳಿದ ಎಂಟು ತಪ್ಪಿಹೋದವಕ್ಕೆ. ಹಾಗಾಗಿ 10,800 ಜಪ.

ಮೊದಲ ವಾರದ ಉತ್ಸಾಹದಲ್ಲಿ ದಿನಕ್ಕೆ ಹತ್ತು ಮಾಲೆ ಮಾಡಿ ಎರಡನೆಯ ವಾರ ಬಿಡುವವರು ಬಹಳ. ಹನ್ನೆರಡು ದಿನ ಒಂದೇ ಮಾಲೆ ಎಂಬುದು ಕಡಿಮೆ ಅನ್ನಿಸಿದರೂ ಏರಿಸಬೇಡಿ. "ಇನ್ನೂ ಬೇಕಿತ್ತು" ಎನ್ನುವಾಗ ಏಳುವವರು ಮರುದಿನ ತಪ್ಪದೆ ಬಂದು ಕೂರುತ್ತಾರೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಬೇಡಿ, ಆ ದಿನದ್ದನ್ನು ಕೊನೆಗೆ ಸೇರಿಸಿ. ಸೂತಕ, ಜ್ವರ, ಮುಟ್ಟಿನ ದಿನಗಳಲ್ಲಿ ಮಾಲೆ, ದೀಪ, ಆಚಮನದ ವಿಷಯ ನಿಮ್ಮ ಮನೆಯ ಪದ್ಧತಿಯಂತೆ ನಡೆಯಲಿ. ಮಾನಸ ನಾಮಸ್ಮರಣೆಗೆ ಯಾವ ತಡೆಯೂ ಇಲ್ಲ, ಅದನ್ನು ಬಿಡಬೇಡಿ. ಪುರಶ್ಚರಣೆಯ, ಅಂದರೆ ಮಂತ್ರಸಿದ್ಧಿಗಾಗಿ ಗೊತ್ತಾದ ಸಂಖ್ಯೆಯ ಜಪ ಮುಗಿಸುವ ವ್ರತದ, ಆಸೆ ಸದ್ಯಕ್ಕೆ ಬದಿಗಿರಲಿ: ಪಂಚಾಕ್ಷರಿಗೆ (ನಮಃ ಶಿವಾಯ) ಐದು ಲಕ್ಷ ಜಪವಾಗಬೇಕು, ದಿನಕ್ಕೆ ಮೂರು ಮಾಲೆಯಂತೆ ನಾಲ್ಕೂವರೆ ವರ್ಷ, ಆಮೇಲೆ ದಶಾಂಶ ಹೋಮ, ತರ್ಪಣ.

ಒಂದು ನೋಟುಪುಸ್ತಕದಲ್ಲಿ ದಿನಾಂಕ, ಕೂತ ಹೊತ್ತು, ಮಾಲೆ, ಮತ್ತು ಒಂದೇ ಪದ: ಲಯ, ವಿಕ್ಷೇಪ, ಕಷಾಯ, ರಸ ಅಥವಾ ಸಮ. ಮೂರು ವಾರದ ಮೇಲೆ ಆ ಕಾಲಂ ಓದಿದರೆ ನಿಮ್ಮ ಮನಸ್ಸಿನ ಸ್ವಭಾವ ನಿಮಗೇ ಕಾಣುತ್ತದೆ. ಸೋಮವಾರವೆಲ್ಲ ವಿಕ್ಷೇಪ, ಮದುವೆಮನೆ ಊಟದ ಮರುದಿನವೆಲ್ಲ ಲಯ.

ಎದ್ದ ಮೇಲಿನ ದಿನ

ಅರ್ಧ ಗಂಟೆ ಕೂತು ಉಳಿದ ಹದಿನೈದು ಗಂಟೆ ಎಚ್ಚರವನ್ನು ಸಿಕ್ಕ ಹಾಗೆ ಕಳೆದರೆ ಬೆಳಿಗ್ಗೆ ತುಂಬಿಸಿದ ಕೊಡ ಸಂಜೆಗೆ ಖಾಲಿ. ಮೂರು ಕಡೆ ಕೊಂಡಿ ಹಾಕಿಕೊಳ್ಳಿ. ಊಟಕ್ಕೆ ಕೂತಾಗ "ಬ್ರಹ್ಮಾರ್ಪಣಂ" ಶ್ಲೋಕ ಹೇಳಿ ಮೊದಲ ತುತ್ತನ್ನು ಮಾತಿಲ್ಲದೆ ತಿನ್ನಿ. ಸಿಟ್ಟಿನ ಮೆಸೇಜಿಗೆ ಉತ್ತರಿಸುವ ಮುಂಚೆ ಹತ್ತು ಸಲ ಮಂತ್ರ, ಕರಮಾಲೆಯ ಒಂದು ಸುತ್ತು. ಮಲಗುವಾಗ ದಿನವನ್ನು ಹಿಂದಿನಿಂದ ಒಮ್ಮೆ ನೋಡಿ ಮಂತ್ರದೊಂದಿಗೇ ನಿದ್ದೆಗೆ ಜಾರಿ.

ಜನರೊಡನೆ ಇರುವ ರೀತಿಗೆ ಪತಂಜಲಿಗಳು ಕೊಟ್ಟ ನಾಲ್ಕು ಭಾವಗಳಷ್ಟು ಉಪಯುಕ್ತವಾದದ್ದು ಬೇರೆ ಕಾಣೆವು: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಒಳ್ಳೆಯದು ಮಾಡುವವರಲ್ಲಿ ಮುದಿತೆ (ಸಂತೋಷ), ಕೆಟ್ಟದ್ದು ಮಾಡುವವರಲ್ಲಿ ಉಪೇಕ್ಷೆ. ಓರಗಿತ್ತಿ ಹೊಸ ಮನೆ ಕಟ್ಟಿಸಿದ ಸುದ್ದಿ ಕೇಳಿದಾಗ ಎದೆಯಲ್ಲಿ ಚುರುಕ್ ಎಂದರೆ ಅದು ಮೈತ್ರಿಯ ಅಭ್ಯಾಸಕ್ಕೆ ಸಿಕ್ಕ ಸಮಯ. ಆಗಲೇ ಅವಳಿಗೆ ಫೋನು ಮಾಡಿ ಮನಸಾರೆ ಮಾತಾಡಿದರೆ, ಮರುದಿನದ ಜಪದಲ್ಲಿ ಬರಬೇಕಿದ್ದ ಒಂದು ಕಷಾಯ ಕಡಿಮೆಯಾಯಿತು.

ಜಪದಿಂದ ವಿಚಾರಕ್ಕೆ

ಮೌನದ ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು? ಸಂಸ್ಕೃತ ವಿದ್ವಾಂಸರಾದ ಕಾವ್ಯಕಂಠ ಗಣಪತಿ ಮುನಿಗಳು ವರ್ಷಗಟ್ಟಲೆ ಮಂತ್ರಜಪ ಮಾಡಿಯೂ ತಪಸ್ಸಿನ ಸ್ವರೂಪ ತಿಳಿಯದೆ 1907ರ ನವೆಂಬರ್ 18ರಂದು ತಿರುವಣ್ಣಾಮಲೆಯ ವಿರೂಪಾಕ್ಷ ಗುಹೆಗೆ ಹೋಗಿ ರಮಣ ಮಹರ್ಷಿಗಳನ್ನು ಕೇಳಿದಾಗ ಸಿಕ್ಕ ಉತ್ತರದಲ್ಲಿ ಈ ಕ್ರಮವಿದೆ. ಮಂತ್ರ ಜಪಿಸುವಾಗ ಆ ಮಂತ್ರದ ನಾದ ಎಲ್ಲಿಂದ ಹುಟ್ಟುತ್ತಿದೆ ಎಂದು ಗಮನಿಸಿದರೆ ಮನಸ್ಸು ಅಲ್ಲೇ ಲೀನವಾಗುತ್ತದೆ, ಅದೇ ತಪಸ್ಸು ಎಂದರು.

ಮಾಡುವ ಬಗೆ: ಮಾನಸಜಪದ ಕೊನೆಯ ಹತ್ತು ಮಣಿಗಳನ್ನು ತುಂಬಾ ನಿಧಾನಿಸಿ. ಒಂದು ಮಂತ್ರ ಮುಗಿದು ಇನ್ನೊಂದು ಏಳುವುದರ ನಡುವಿನ ಖಾಲಿಜಾಗವನ್ನು ಗಮನಿಸಿ. ಮಂತ್ರ ಅಲ್ಲಿಂದ ಏಳುತ್ತದೆ, ಅಲ್ಲೇ ಇಳಿಯುತ್ತದೆ. ಆಮೇಲೆ ಮಾಲೆ ಇಟ್ಟು, ಮಂತ್ರವನ್ನೂ ಬಿಟ್ಟು, ಆ ಜಾಗವನ್ನಷ್ಟೇ ಹಿಡಿಯಿರಿ. ಆಲೋಚನೆ ಎದ್ದರೆ ಇದು ತೋರಿದ್ದು ಯಾರಿಗೆ ಎಂದು ಒಮ್ಮೆ ಕೇಳಿಕೊಳ್ಳಿ. ನನಗೆ. ಆ ನಾನು ಯಾರು? ಉತ್ತರವನ್ನು ಪದಗಳಲ್ಲಿ ಹುಡುಕಬೇಡಿ. ಪ್ರಶ್ನೆ ಗಮನವನ್ನು ಆಲೋಚನೆಯಿಂದ ಆಲೋಚಿಸುವವನ ಕಡೆಗೆ ತಿರುಗಿಸಿದರೆ ಅದರ ಕೆಲಸ ಮುಗಿಯಿತು. ಇಲ್ಲಿ ಆಗುವ ದೊಡ್ಡ ತಪ್ಪು "ನಾನು ಯಾರು, ನಾನು ಯಾರು" ಎಂದು ಅದನ್ನೇ ಜಪ ಮಾಡತೊಡಗುವುದು. ಇನ್ನೊಂದು ತಪ್ಪು "ನಾನು ಬ್ರಹ್ಮ" ಎಂದು ಓದಿದ ಉತ್ತರವನ್ನು ಮುಂದಿಟ್ಟು ಸುಮ್ಮನಾಗುವುದು.

ಮಾಧ್ವ ಸಂಪ್ರದಾಯದವರಿಗೆ ಈ ಹತ್ತು ನಿಮಿಷದ ವಿಷಯ ಬೇರೆ: ಹೃದಯದಲ್ಲಿರುವ ಬಿಂಬರೂಪಿ ನಾರಾಯಣ, ತಾನು ಅವನ ಪ್ರತಿಬಿಂಬ, ಅವನ ದಾಸ. ಶಿವಯೋಗಿಗಳ ದೃಷ್ಟಿ ಕರಸ್ಥಲದ ಇಷ್ಟಲಿಂಗದಲ್ಲಿ ನೆಡುತ್ತದೆ. ನಿಮ್ಮ ಪರಂಪರೆ ಹೇಳಿದ್ದನ್ನೇ ಮಾಡಿ. ಎರಡು ಕ್ರಮಗಳನ್ನು ಬೆರೆಸಿದರೆ ಎರಡೂ ನಿಲ್ಲುವುದಿಲ್ಲ.

ಎರಡು ಮೂರು ಉಸಿರಿನಷ್ಟು ಹೊತ್ತು ಆ ಜಾಗ ಸಿಕ್ಕಿ ಜಾರಿಹೋಗುತ್ತದೆ. ಜಾರಿದರೆ ಮಂತ್ರಕ್ಕೆ ಹಿಂತಿರುಗಿ, ಮತ್ತೆ ನಿಧಾನಿಸಿ. ಹತ್ತು ನಿಮಿಷದಲ್ಲಿ ಐದಾರು ಸಲ ಹೀಗಾದರೂ ಸಾಧನೆ ಸರಿಯಾಗಿಯೇ ನಡೆದಿದೆ. ಏಳುವಾಗ ಒಮ್ಮೆಲೇ ಏಳಬೇಡಿ. ಅಂಗೈ ಉಜ್ಜಿ ಕಣ್ಣಿಗೆ ಒತ್ತಿ, ಕಾಲು ಚಾಚಿ, ಮಾಲೆಯನ್ನು ಚೀಲಕ್ಕೆ ಹಾಕಿ, ನೋಟುಪುಸ್ತಕದಲ್ಲಿ ಇವತ್ತಿನ ಒಂದು ಪದ ಬರೆಯಿರಿ. ಫೋನು ಇನ್ನೂ ಹತ್ತು ನಿಮಿಷ ಆ ಕೋಣೆಯಲ್ಲೇ ಇರಲಿ.